ನಮ್ಮ ಮನೆಯ ಮಾಂಸಾಹಾರಿ

ಮೂಡುಬಿದಿರೆಯಲ್ಲಿ ಇದುವರೆಗೆ ಯಾರೂ ಇಡದಂಥ ಅಕ್ವೇರಿಯಂ ಒಂದನ್ನು ನಮ್ಮ ಚಾವಡಿಯಲ್ಲಿ ಇಡಬೇಕೆಂದು ನಾನು ನಿರ್ಧರಿಸಿದೆ. ಮೀನು ಸಾಕಲು ಯಾರಿಗಾದರೂ ಬರುತ್ತದೆ; ಯೋಜನೆ ಹಾಕಿ ಸಾಕುವುದು ಮಾತ್ರ ನನ್ನಂಥವರಿಂದಲೇ ಆಗಬೇಕು ಎಂಬುದು ಆಗ ನನ್ನ ದೃಢವಾದ ಅಭಿಪ್ರಾಯವಾಗಿತ್ತು.

ಆರಡಿ ಉದ್ದದ ಗಾಜಿನ ಟ್ಯಾಂಕ್. ಅದರ ಭಾರ ಹೊರಲೆಂದೇ ಬೆಳ್ತಂಗಡಿಯಲ್ಲಿ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಸ್ಟ್ಯಾಂಡ್. ಗಾರೆಯವರಿಂದ ಲೆವೆಲ್ ಪೈಪ್ ತಂದು ನೆಲದ ಮಟ್ಟವನ್ನೂ ನೋಡಿದೆ. ಬಾವಿಯ ನೀರು ತುಂಬಿಸಿ, ಫಿಲ್ಟರ್ ಓಡಿಸಿ, ಒಂದೂ ಮೀನಿಲ್ಲದೆ ವಾರಗಟ್ಟಲೆ ಕಾದೆ.

"ಎಂತ ಮಾರಾಯ್ರೆ, ಬರೀ ನೀರನ್ನು ಎಷ್ಟು ದಿನ ನೋಡುವುದು?" ಎಂದಳು ಹೆಂಡತಿ ಯಶೋಧಾ.

"ನೀರು ಪಕ್ವ ಆಗ್ಬೇಕು. ಅದಕ್ಕೂ ಒಂದು ಶಾಸ್ತ್ರ ಉಂಟು."

"ಯಾವ ಮೀನು ತರುವುದಂತ ಓದಿದ್ರಾ?"

"ಅದರಲ್ಲಿ ಎಂತ ಓದ್ಲಿಕ್ಕುಂಟು? ಚಂದ ಕಂಡದ್ದು ತರುವುದು."

ಬಂಟ್ವಾಳದ ಅಬ್ದುಲ್ ನಾಸಿರ್ ಅವರ ಅಂಗಡಿಯಲ್ಲಿ ನನಗೆ ಚಂದ ಕಂಡದ್ದು ಎರಡು. ನೀಲಿ ಗೆರೆಯ ಪುಟ್ಟ ಮೀನುಗಳ ಒಂದು ಹಿಂಡು. ಅಂಗೈ ಅಗಲದ, ಗಂಭೀರ ಮುಖದ, ಆಸ್ಕರ್ ಎಂಬ ಒಂದೇ ಒಂದು ಮೀನು. ಮಕ್ಕಳ ನಡುವೆ ಹೆಡ್‌ಮಾಸ್ಟರು ಇದ್ದ ಹಾಗೆ ಇರಲಿ ಎಂದುಕೊಂಡೆ.

"ಎಲ್ಲ ಒಂದೇ ಟ್ಯಾಂಕಿಗಾ?" ಎಂದು ನಾಸಿರ್ ಕೇಳಿದರು.

"ಆರಡಿ ಟ್ಯಾಂಕ್. ಜಾಗ ಬೇಕಾದಷ್ಟು ಉಂಟು" ಎಂದು ಮಾತು ಮುಗಿಸಿಬಿಟ್ಟೆ.

ಹಿಂಡು ದಿನದಿಂದ ದಿನಕ್ಕೆ ಸಣ್ಣದಾಯಿತು. ಹಾರಿ ಹೊರಗೆ ಬೀಳುತ್ತಿರಬೇಕೆಂದು ಟ್ಯಾಂಕಿಗೆ ಬಲೆ ಮುಚ್ಚಿದೆ. ಬೆಕ್ಕಿನ ಮೇಲೆ ಸಂಶಯಪಟ್ಟು ಚಾವಡಿಯ ಕಿಟಕಿ ಮುಚ್ಚಿಸಿದೆ. ಕೊನೆಗೆ, ಫಿಲ್ಟರೇ ಮೀನುಗಳನ್ನು ಎಳೆದುಕೊಳ್ಳುತ್ತಿದೆ ಎಂಬ ತೀರ್ಮಾನಕ್ಕೆ ಬಂದು ಅದನ್ನು ಬಿಚ್ಚಲು ಕುಳಿತೆ. ವಾಲ್ವ್ ಮುಚ್ಚದೆ ಪೈಪ್ ಕಿತ್ತೆ. ಅಷ್ಟು ದಿನ ಕಾದು ಪಕ್ವ ಮಾಡಿದ ನೀರು ಚಾವಡಿಗೆ ಇಳಿಯತೊಡಗಿತು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಯಶೋಧಾಳನ್ನು ಕೂಗುತ್ತ ಕುಳಿತಿದ್ದಾಗಲೇ, ನನ್ನ ಟ್ಯಾಂಕ್ ನೋಡಲೆಂದು ವೇಣೂರಿನಿಂದ ಬಂದ ಮಾವ, ಯಶೋಧಾಳ ಅಪ್ಪ, ಹೊಸ್ತಿಲು ದಾಟಿದರು.

"ಕಾಲು ತೊಳೀಲಿಕ್ಕೆ ಇಲ್ಲಿಯೇ ವ್ಯವಸ್ಥೆ ಮಾಡಿದ್ದೀರಾ?" ಎಂದರು, ಪಂಚೆ ಎತ್ತಿಕೊಂಡು.

ನಮ್ಮದು ಜೈನ ಮನೆ. ನೆಲದೊಳಗೆ ಬೆಳೆಯುವ ಗೆಡ್ಡೆಯೂ ಅಡುಗೆಮನೆಗೆ ಬರುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಮಾವನಂತೂ ನಿಯಮದಲ್ಲಿ ನಮಗಿಂತ ಕಟ್ಟುನಿಟ್ಟು. ವಾಲ್ವ್ ಮುಚ್ಚಿ, ನೆಲ ಒರೆಸಿ, ಬೆಳಕಿರುವಾಗಲೇ ಊಟ ಮುಗಿಸಿ, ಅವರನ್ನು ಟ್ಯಾಂಕಿನೆದುರು ಕುರ್ಚಿಯಲ್ಲಿ ಕೂರಿಸಿ ಅದರ ದೀಪ ಹಾಕಿದೆ. ಆಸ್ಕರ್ ಕಲ್ಲಿನ ಹಿಂದಿನಿಂದ ನಿಧಾನವಾಗಿ ಬಂತು. ಬಾಯಿ ತೆರೆಯಿತು. ಒಂದು ನೀಲಿ ಗೆರೆಯನ್ನು ಒಳಗೆ ತೆಗೆದುಕೊಂಡಿತು. ಬಾಲದ ತುದಿ ಸ್ವಲ್ಪ ಹೊತ್ತು ಹೊರಗೇ ಇತ್ತು.

ಮಾವ ಬಾಗಿಲಾಚೆಯ ಕತ್ತಲು ನೋಡಿದರು.

"ಸೂರ್ಯ ಮುಳುಗಿ ಆಯ್ತಲ್ಲ" ಎಂದರು. "ಇದನ್ನು ತಂದದ್ದು ಯಾರು?"

"ನಾನೇ."

"ಹಾಗಾದ್ರೆ ತಿಂದದ್ದೂ ನೀವೇ ಆಯ್ತು."

ಮೂವರೂ ಸೇರಿ, ಉಳಿದ ಪುಟ್ಟ ಮೀನುಗಳನ್ನು ಹಿಡಿದು ಬಟ್ಟೆ ನೆನೆಸುವ ಟಬ್ಬಿಗೆ ಬಿಟ್ಟೆವು.

"ನಾಳೆ ಎಲ್ಲವನ್ನೂ ಅಂಗಡಿಗೆ ವಾಪಸ್ ಕೊಡುವ" ಎಂದೆ.

"ಸಣ್ಣದನ್ನು ಕೊಡಿ" ಎಂದಳು ಯಶೋಧಾ. "ದೊಡ್ಡದು ಹೋದಲ್ಲಿಯೂ ಇದೇ ಕೆಲಸ ಮಾಡ್ತದೆ. ಅದು ಇಲ್ಲಿಯೇ ಇರಲಿ. ಕಲಿಸುವ."

ಮೀನಿಗೆ ಹಾಕಲು ಅಂಗಡಿಯಿಂದ ತಂದ ಗುಳಿಗೆಯಲ್ಲಿಯೂ ಮೀನಿನ ಪುಡಿ ಇರುವುದು ಗೊತ್ತಾಗಿ ಅದನ್ನೂ ನಿಲ್ಲಿಸಿದಳು. ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು ಹಾಕಿದಳು. ಆಸ್ಕರ್ ಅದನ್ನು ಮೂಸಿಯೂ ನೋಡಲಿಲ್ಲ. ಹೀಗೇ ಸತ್ತರೆ ಆ ಪಾಪವೂ ನನ್ನ ತಲೆಗೇ ಬರುತ್ತದೆಂದು ನಾನು ಹೆದರಿದೆ. ಮಾವ ಮಾತ್ರ ಫೋನಿನಲ್ಲಿ, "ಉಪವಾಸ ಮಾಡ್ತಾ ಉಂಟು. ಒಳ್ಳೆಯದೇ" ಎಂದರು. ಕೊನೆಗೊಂದು ಬೆಳಿಗ್ಗೆ ಅದು ಬಟಾಣಿಯೊಂದನ್ನು ಬಾಯಿಗೆ ಹಾಕಿಕೊಂಡು, ಉಗಿದು, ಯೋಚಿಸಿ, ಮತ್ತೆ ಹಾಕಿಕೊಂಡು ನುಂಗಿತು. ಈಗ ಯಶೋಧಾಳ ಹೆಜ್ಜೆ ಸಪ್ಪಳವಾದರೆ ಸಾಕು, ಗಾಜಿಗೆ ಮುಖವಿಟ್ಟು ಕಾಯುತ್ತದೆ.

ನಿನ್ನೆ ಸಂಜೆ ಚಹಾದ ಜೊತೆ ನನ್ನ ಮುಂದೆಯೂ ಒಂದು ತಟ್ಟೆ ಬಂತು. ಬೇಯಿಸಿದ ಬಟಾಣಿ.

"ಇದಕ್ಕೆ ಉಪ್ಪೇ ಇಲ್ಲ" ಎಂದೆ.

"ಮೀನಿಗೆ ಉಪ್ಪು ಆಗುವುದಿಲ್ಲ. ಎರಡೆರಡು ಸಲ ಬೇಯಿಸ್ಲಿಕ್ಕೆ ನನಗೆ ಪುರುಸೊತ್ತಿಲ್ಲ."

"ಒಂದು ಒಗ್ಗರಣೆಯಾದ್ರೂ..."

ಯಶೋಧಾ ಟ್ಯಾಂಕಿನ ಕಡೆ ಕೈ ತೋರಿಸಿದಳು.

"ಅದು ಕೇಳ್ತದಾ?"