ಅತ್ತೆಯ ನಾಲ್ಕು ಜನ, ಪುಕುರಿನ ಬೆಕ್ಕು

ನಮ್ಮ ಸೋದರತ್ತೆ ಈವರೆಗೆ ಒಂದೇ ಒಂದು ತೀರ್ಮಾನವನ್ನೂ ತಾವಾಗಿ ತೆಗೆದುಕೊಂಡವರಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹಾಗಂತ ಅವರು ಬೇರೆಯವರ ಮಾತು ಕೇಳುತ್ತಾರೆ ಎಂದುಕೊಂಡರೆ ಅದೂ ತಪ್ಪು. ಒಬ್ಬರ ಮಾತಿಗೆ ಅವರಲ್ಲಿ ಬೆಲೆಯಿಲ್ಲ. ನಾಲ್ಕು ಜನ ಹೇಳಬೇಕು. ‘ನಾಲ್ಕು ಜನ ಏನಂದುಕೊಳ್ಳುತ್ತಾರೆ’ ಎಂಬ ಮಾತು ಎಲ್ಲರ ಮನೆಯಲ್ಲೂ ಇದೆ. ಆ ನಾಲ್ಕು ಜನರನ್ನು ನಿಜವಾಗಿ ಹುಡುಕಿಕೊಂಡು ಹೋಗಿ, ಏನಂದುಕೊಳ್ಳುತ್ತೀರಿ ಎಂದು ಕೇಳಿ ಬರುವವರು, ನನಗೆ ತಿಳಿದಂತೆ, ಅತ್ತೆಯೊಬ್ಬರೇ.

ಒಮ್ಮೆ ಮಂಡಿನೋವಿಗೆ ಡಾಕ್ಟರು ದಿನಾ ನಡೆಯಿರಿ ಎಂದರು. ಅತ್ತೆ ಆಸ್ಪತ್ರೆಯ ಗೇಟಿನಲ್ಲೇ ಆಟೋದವನನ್ನು ಕೇಳಿದರು. ನಡೆದರೆ ಮಂಡಿ ಸವೆಯುತ್ತದೆ, ಆಟೋದಲ್ಲಿ ಓಡಾಡಿ ಎಂದ. ಆಟೋದವನು ಇನ್ನೇನು ಹೇಳಿಯಾನು? ಮಿಠಾಯಿ ಅಂಗಡಿಯವರೂ ಕಾವಲಿನವನೂ ಮೇಲಿನ ಮನೆಯ ಹೆಂಗಸೂ ವಿಶ್ರಾಂತಿಯ ಪರವಾಗಿದ್ದರು.

“ಡಾಕ್ಟರು ಅದನ್ನೇ ಓದಿದವರಲ್ವಾ ಅತ್ತೆ?” ಎಂದೆ.

“ಓದಿರ್ಲಿ ಕಣೇ. ಆದ್ರೂ ಅವರು ಒಬ್ಬರೇ ತಾನೆ?”

ಮಾವ ಪೇಪರಿನಿಂದ ತಲೆಯೆತ್ತದೆ, “ಬಹುಮತ ಬಂದಿದೆ, ಸುಮ್ನಿರಮ್ಮ,” ಎಂದರು. ಅವರು ಕೇಂದ್ರ ಸರ್ಕಾರದ ನೌಕರಿಯಲ್ಲಿ ಮೈಸೂರು ಬಿಟ್ಟು ಕೋಲ್ಕತ್ತಕ್ಕೆ ಬಂದು ಇಲ್ಲೇ ನಿಂತವರು. ಮನೆ ನಗರದ ದಕ್ಷಿಣಕ್ಕಿರುವ ಜೋಕಾದ ಅಂಚಿನ ಒಂದು ವಸತಿ ಸಮುಚ್ಚಯದಲ್ಲಿ. ನಾನು ಸಣ್ಣ ಮಾಂಸಾಹಾರಿ ಪ್ರಾಣಿಗಳ ಮೇಲೆ ಸಂಶೋಧನೆ ಮಾಡಲು ಬಂದು ಅವರ ಮನೆಯಲ್ಲೇ ಉಳಿದಿದ್ದೇನೆ. ಸಂಶೋಧನೆ ಎಂಬ ಶಬ್ದ ಕೇಳಲು ಚೆನ್ನಾಗಿದೆ. ಕೆಲಸ ಮಾತ್ರ ಬಹುಪಾಲು ಹಿಕ್ಕೆ ಹೆಕ್ಕುವುದು.

ಆ ಹಿಕ್ಕೆಯ ಡಬ್ಬಿಯನ್ನು ಬಂದ ಹೊಸದರಲ್ಲಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟಿದ್ದೆ. ಮುಚ್ಚಳಕ್ಕೆ ಟೇಪು ಸುತ್ತಿ, ಚೀಟಿ ಅಂಟಿಸಿ, ಬಹಳ ಶಿಸ್ತಾಗಿ. ಅತ್ತೆ ಚೀಟಿ ಓದಿದರು. ಸಂಜೆಯೊಳಗೆ ಇಡೀ ಸಮುಚ್ಚಯಕ್ಕೆ ಸುದ್ದಿಯಾಗಿತ್ತು. ವಿಜ್ಞಾನಿಗಳಿರುವ ಮನೆಗಳಲ್ಲಿ ಇದನ್ನು ಫ್ರಿಜ್ಜಿನಲ್ಲಿಡುವುದು ವಾಡಿಕೆಯೇ ಎಂದು ಅವರು ನಾಲ್ಕು ಮನೆಯಲ್ಲಿ ವಿಚಾರಿಸಿದ್ದರು. ಯಾರ ಕಣ್ಣಿಗೂ ಬೀಳದೆ ಬದುಕಬೇಕೆಂಬ ನನ್ನ ಆಸೆ ಅಲ್ಲಿಗೆ ಮುಗಿಯಿತು. ಲಿಫ್ಟಿನಲ್ಲಿ ಜನ ನನ್ನ ಚೀಲದಿಂದ ಒಂದಿಷ್ಟು ದೂರ ನಿಲ್ಲತೊಡಗಿದರು.

ಇಷ್ಟಾಗಿದ್ದರೆ ನಗುತ್ತಾ ಮರೆಯಬಹುದಿತ್ತು. ಆದರೆ ಈ ವರ್ಷ ನಮ್ಮ ಪುಕುರಿಗೆ ಹುಲಿ ಬಂತು.

ಪುಕುರ್ ಎಂದರೆ ಕೊಳ. ನಮ್ಮ ಕಟ್ಟಡಗಳ ಹಿಂದೆ ಒಂದಿದೆ, ಅದರಾಚೆ ಜೊಂಡು. ಕೊಳದಲ್ಲಿ ಸಮುಚ್ಚಯದ ಸಮಿತಿಯವರು ರೋಹು, ಕಾಟ್ಲಾ ಮೀನು ಬಿಟ್ಟು ಸಾಕುತ್ತಾರೆ, ದುರ್ಗಾಪೂಜೆಗೆ ಮುಂಚೆ ಗಾಳ ಹಾಕುವ ಸ್ಪರ್ಧೆ ನಡೆಸುತ್ತಾರೆ. ನಿವೃತ್ತರೆಲ್ಲ ವರ್ಷವಿಡೀ ಬದುಕುವುದೇ ಆ ಒಂದು ಭಾನುವಾರಕ್ಕಾಗಿ. ಈ ಸಲ ಮೀನು ಕಡಿಮೆಯಾಗಿದೆ ಎಂಬ ಗುಮಾನಿ ಎದ್ದಿತು. ಅದರ ಹಿಂದೆಯೇ ವಾಟ್ಸಾಪ್ ಗುಂಪಿನಲ್ಲಿ ಒಂದು ಮಸುಕು ಚಿತ್ರ: ಕತ್ತಲು, ಜೊಂಡು, ಎರಡು ಕಣ್ಣು. ಬೆಳಿಗ್ಗೆ ಅದು ಕಾಡುಬೆಕ್ಕಾಗಿತ್ತು, ಮಧ್ಯಾಹ್ನಕ್ಕೆ ಚಿರತೆ, ಸಂಜೆಗೆ ಸುಂದರಬನದಿಂದ ಈಜಿ ಬಂದ ಹುಲಿ.

ನನಗೆ ನೋಡಿದೊಡನೆ ಗೊತ್ತಾಯಿತು. ಬಾಘ್ರೋಲ್. ಮೀನು ಹಿಡಿಯುವ ಬೆಕ್ಕು, ಸಾಕುಬೆಕ್ಕಿಗಿಂತ ದೊಡ್ಡದು, ಮೈಮೇಲೆ ಚುಕ್ಕೆ. ಮನುಷ್ಯರ ಗೊಡವೆಗೆ ಬರುವುದಿಲ್ಲ. ಈ ರಾಜ್ಯದ ರಾಜ್ಯಪ್ರಾಣಿಯೇ ಅದು. ನನ್ನ ಡಬ್ಬಿಯಲ್ಲಿದ್ದುದೂ ಅದರದೇ ಹಿಕ್ಕೆ, ಅದರಲ್ಲಿ ಮೀನಿನ ಮುಳ್ಳಿಗಿಂತ ಇಲಿಯ ಎಲುಬೇ ಹೆಚ್ಚಿತ್ತು. ಇನ್ನೊಂದು ಸಂಗತಿ ನನಗೊಬ್ಬಳಿಗೇ ಗೊತ್ತಿತ್ತು. ಜೊಂಡಿನೊಳಗೆ ಎರಡು ಮರಿಗಳಿದ್ದವು.

ಅತ್ತೆಗೆ ಹಲ್ಲಿ ಕಂಡರೂ ಮೈ ನಡುಗುತ್ತದೆ. ಹುಲಿಯೆಂದರೆ ಕೇಳಬೇಕೆ? ಬಾಲ್ಕನಿಯ ಬಾಗಿಲು ಹಾಕಿ, ಬೀಗವನ್ನೂ ಹಾಕಿದರು. ನಾವಿರುವುದು ಮೂರನೆಯ ಮಹಡಿಯಲ್ಲಿ.

“ಅದು ಬರೀ ಬೆಕ್ಕು ಅತ್ತೆ.”

“ಮೇಲಿನ ಮನೆಯವರು ಹುಲಿ ಅಂತಾರೆ. ಕಾವಲಿನವನೂ ಅಂತಾನೆ.”

“ಅವರು ನೋಡಿದ್ದಾರಾ?”

“ನೋಡಿದ್ರೆ ಬದುಕಿರ್ತಿದ್ರೇನೇ?”

ಬಾಲ್ಕನಿಗೆಂದು ತೆಗೆದಿದ್ದ ದುರ್ಬೀನನ್ನು ಮತ್ತೆ ಚೀಲಕ್ಕೆ ಸೇರಿಸಿದೆ.

ಶುಕ್ರವಾರ ಸಂಜೆ ಸಭೆ ಸೇರಿತು. ಎಲ್ಲರೂ ದಾದಾ, ಅಂದರೆ ಅಣ್ಣ, ಎಂದು ಕರೆಯುವ ಕಾರ್ಯದರ್ಶಿ ಒಳ್ಳೆಯ ಮನುಷ್ಯ. ಗಾಳದ ಸ್ಪರ್ಧೆಯಲ್ಲಿ ಸತತವಾಗಿ ಸೋತವರು, ಆದ್ದರಿಂದ ಮೀನಿನ ಬಗ್ಗೆ ತುಸು ಭಾವುಕರು. ಪರಿಚಯದವರಿಂದ ಪಂಜರವೊಂದನ್ನು ತರಿಸುವುದಾಗಿಯೂ ಪ್ರಾಣಿಯನ್ನು ದೂರದ ಜೌಗಿಗೆ ಬಿಟ್ಟುಬರುವುದಾಗಿಯೂ ಹೇಳಿದರು. “ನಾವೇನು ಕೊಲ್ಲುತ್ತಿಲ್ಲವಲ್ಲ. ವರ್ಗಾವಣೆ, ಅಷ್ಟೇ,” ಎಂದರು. ಅಲ್ಲಿದ್ದ ಅರ್ಧ ಜನ ಸರ್ಕಾರಿ ನೌಕರಿಯವರು. ವರ್ಗಾವಣೆಯಿಂದ ಯಾರೂ ಸಾಯುವುದಿಲ್ಲವೆಂದು ಅವರಿಗೆ ಸ್ವಂತ ಅನುಭವವಿತ್ತು.

ನಾನು ಎದ್ದು ನಿಂತೆ. ತುಂಬಿದ ಕೋಣೆಯಲ್ಲಿ ನಾನು ಹಾಗೆ ಎದ್ದದ್ದು ಅದೇ ಮೊದಲು. ಹಿಡಿಯುವುದು ಕಾನೂನಿಗೆ ವಿರುದ್ಧ ಎಂದೆ. ಬೇರೆ ಬೆಕ್ಕಿನ ನೆಲದಲ್ಲಿ ಬಿಟ್ಟರೆ ಇದು ಉಳಿಯುವುದು ಕಷ್ಟ, ಇಲ್ಲಿ ಖಾಲಿಯಾದ ಜಾಗಕ್ಕೆ ಮತ್ತೊಂದು ಬರುತ್ತದೆ ಎಂದೆ. ಹಿಕ್ಕೆಯ ಲೆಕ್ಕವನ್ನೂ ಹೇಳಿದೆ. ಅದನ್ನು ಹೇಳಬಾರದಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮರಿಗಳ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಮರುದಿನ ಬೆಳಿಗ್ಗೆ ಜೊಂಡಿಗೆ ಕೋಲು ಹಿಡಿದು ಜನ ಇಳಿಯುತ್ತಿದ್ದರು.

“ಒಳ್ಳೆಯ ಭಾಷಣ,” ಎಂದರು ದಾದಾ. “ಈಗ ಕೈ ಎತ್ತೋಣ.”

ಪಂಜರದ ಪರವಾಗಿ ಕೈಗಳೆದ್ದವು. ಅವುಗಳ ನಡುವೆ ಹಸಿರು ಬಳೆಯ ಕೈಯೊಂದಿತ್ತು. ಅತ್ತೆಯದು.

ಮನೆಗೆ ಬರುವಾಗ ಮೆಟ್ಟಿಲಲ್ಲಿ ಅತ್ತೆಯೇ ಅಂದರು, “ಎಲ್ಲರೂ ಎತ್ತಿದ್ರು ಕಣೇ. ನಾನೊಬ್ಬಳೇ ಹೆಂಗೆ ಸುಮ್ನೆ ಕೂರ್ಲಿ?”

ರಾತ್ರಿ ಊಟಕ್ಕೆ ಕೂತಾಗ ಮಾವ ಏಕೆ ಅನ್ನ ಬಿಟ್ಟೆ ಎಂದು ಕೇಳಿದರು. ಆಗ ಮರಿಗಳ ವಿಷಯ ಹೇಳಿಬಿಟ್ಟೆ. ಇನ್ನೂ ಸ್ವಂತವಾಗಿ ಬೇಟೆಯಾಡುವಷ್ಟು ದೊಡ್ಡವಲ್ಲ, ತಾಯಿ ಪಂಜರಕ್ಕೆ ಬಿದ್ದರೆ ಅವು ಜೊಂಡಿನಲ್ಲೇ ಹಸಿದು ಸಾಯುತ್ತವೆ. ಅರಣ್ಯ ಇಲಾಖೆಗೆ ಫೋನು ಮಾಡಿದ್ದೆ, ಸೋಮವಾರ ಬರುತ್ತೇವೆ ಎಂದಿದ್ದರು. ಪಂಜರ ಶನಿವಾರವೇ ಬರುತ್ತಿತ್ತು. ಅತ್ತೆ ಸಾರಿನ ಸೌಟು ಹಿಡಿದು ನಿಂತೇ ಇದ್ದರು. ನಾಳೆ ಇದನ್ನೂ ನಾಲ್ಕು ಮನೆಗೆ ಮುಟ್ಟಿಸುತ್ತಾರೆ ಎಂದುಕೊಂಡೆ. ಯಾಕಾದರೂ ಬಾಯಿ ಬಿಟ್ಟೆನೋ!

ಶನಿವಾರ ಪಂಜರ ಬಂತು. ಸಂಜೆ ಕಾವಲಿನವನು ಒಳಗೆ ಕೊಕ್ಕೆಗೆ ಒಂದು ಮೀನು ಸಿಕ್ಕಿಸಿ, ಬಾಗಿಲೆತ್ತಿ ನಿಲ್ಲಿಸಿ, ಚಹಾಕ್ಕೆ ಹೋದ. ಮೀನನ್ನು ಎಳೆದರೆ ಬಾಗಿಲು ಬೀಳುವ ಏರ್ಪಾಡು. ನನ್ನನ್ನು ಪುಕುರಿನ ಹತ್ತಿರ ಬಿಡಬಾರದೆಂದು ಅವನಿಗೆ ಅಪ್ಪಣೆಯಾಗಿತ್ತು. ಆ ರಾತ್ರಿ ನನಗೆ ಕಣ್ಣು ಮುಚ್ಚಲಾಗಲಿಲ್ಲ. ಬೆಳಿಗ್ಗೆ ನೋಡಿದರೆ ಪಂಜರದ ಬಾಗಿಲು ಬಿದ್ದಿತ್ತು, ಒಳಗೆ ಬೆಕ್ಕೂ ಇಲ್ಲ, ಮೀನೂ ಇಲ್ಲ. ವಾಟ್ಸಾಪ್ ಗುಂಪು ಗಡಗಡ ನಡುಗಿತು. ಮೀನು ತಿಂದು, ಬಾಗಿಲು ಹಾಕಿಕೊಂಡು ಹೋಗುವ ಹುಲಿ!

ನನಗೆ ಮಾತ್ರ ನೆಮ್ಮದಿಯಿರಲಿಲ್ಲ. ಒಂದು ಸಲ ತಪ್ಪಿಸಿಕೊಂಡದ್ದು ಎರಡನೆಯ ಸಲ ಸಿಗದೆ ಇರುತ್ತದೆಯೇ? ಭಾನುವಾರ ಸಂಜೆ ಅತ್ತೆ ಮನೆಯಲ್ಲಿರಲಿಲ್ಲ. ಯಾರ ಮನೆಗೆ ಹೋಗಿ ಏನು ಹೇಳುತ್ತಿದ್ದಾರೋ ಎಂಬ ಚಿಂತೆ ಬೇರೆ. ಬಾಲ್ಕನಿಯ ಬೀಗ ತೆಗೆದು, ದುರ್ಬೀನು ಹಿಡಿದು ಪಂಜರದ ಕಡೆ ನೋಡಿದೆ. ಕಾವಲಿನವನು ಆಗಷ್ಟೇ ಮೀನು ಸಿಕ್ಕಿಸಿ ಹೋಗಿದ್ದ. ಜೊಂಡು ಅಲುಗಿತು.

ಜೊಂಡಿನ ಬದಿಯಿಂದ ಹೊರಬಂದದ್ದು ಅತ್ತೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡೆಯನ್ನು ಹಿಂದುಮುಂದಾಗಿ ಹಿಡಿದಿದ್ದರು. ಎರಡು ಹೆಜ್ಜೆ ಇಡುವುದು, ನಿಂತು ಜೊಂಡಿನ ಕಡೆ ಕೈಮುಗಿಯುವುದು, ಮತ್ತೆ ಎರಡು ಹೆಜ್ಜೆ. ಪಂಜರದ ಮುಂದೆ ಆ ಮಂಡಿಯನ್ನು ಊರಿ ಕೂತರು. ಕೊಡೆಯ ಬಾಗಿದ ಹಿಡಿಯನ್ನು ಒಳಗೆ ತೂರಿಸಿ ಮೀನನ್ನು ಎಳೆದರು. ಬಾಗಿಲು ಬಿದ್ದ ಸದ್ದು ಮೂರನೆಯ ಮಹಡಿಗೂ ಕೇಳಿತು. ಅತ್ತೆ ಹಿಂದಕ್ಕೆ ಕೂತೇಬಿಟ್ಟರು. ಕೊಡೆಯ ಮೇಲೆ ಬಿದ್ದ ಬಾಗಿಲ ಸಂದಿಯಿಂದ ಕೊಡೆಯನ್ನೂ ಅದರ ಹಿಡಿಗೆ ಸಿಕ್ಕ ಮೀನನ್ನೂ ಎಳೆದುಕೊಂಡರು. ಆಮೇಲೆ, ಹುಟ್ಟಿದಂದಿನಿಂದ ಮೊಟ್ಟೆಯಿರುವ ತಟ್ಟೆಯನ್ನೂ ಮುಟ್ಟದ ಆ ಕೈಯಿಂದ ಮೀನಿನ ಬಾಲ ಹಿಡಿದು, ಮುಖ ಆಚೆ ತಿರುಗಿಸಿ, ಜೊಂಡಿನೊಳಕ್ಕೆ ಎಸೆದರು.

ಮರುದಿನ ಇಲಾಖೆಯವರು ಬಂದರು, ದಾದಾಗೆ ಕಾನೂನು ತಿಳಿಸಿದರು, ಪಂಜರ ಹೋಯಿತು. ಅದೆಲ್ಲ ಸರಿಯಾಗಿಯೇ ನಡೆಯಿತು. ಆದರೆ ಆ ಭಾನುವಾರ ಅತ್ತೆ ಮನೆಯೊಳಗೆ ಬಂದಾಗ ಸೋಮವಾರದ ಖಾತರಿ ನಮಗೆ ಯಾರಿಗೂ ಇರಲಿಲ್ಲ.

ಅವರು ನೇರ ಅಡುಗೆಮನೆಗೆ ಹೋಗಿ ಕಡಲೆಹಿಟ್ಟು ಹಚ್ಚಿ ಕೈ ತೊಳೆದರು. ಮೂಸಿ ನೋಡಿಕೊಂಡು ಮತ್ತೆ ತೊಳೆದರು. ನಾನು ಬಾಗಿಲಲ್ಲಿ ನಿಂತಿದ್ದೆ. ನಿಂಬೆಹಣ್ಣೊಂದನ್ನು ಹೆಚ್ಚಿ ಒಂದು ಹೋಳನ್ನು ಅವರ ಅಂಗೈಗೆ ಉಜ್ಜಿದೆ. ಕೈ ತಣ್ಣಗಿತ್ತು. ಅತ್ತೆ ಅದನ್ನು ಹಾಗೇ ಬಿಟ್ಟುಕೊಟ್ಟು ನಿಂತರು.

“ಮರಿ ಎರಡು ಅಂದೆ ಅಲ್ವೇನೇ?” ಎಂದು ಮೆಲ್ಲಗೆ ಕೇಳಿದರು. “ಒಂದು ಮೀನು ಸಾಕಾಗುತ್ತಾ ಅವಕ್ಕೆ?”

“ಸಾಕು ಅತ್ತೆ,” ಎಂದೆ.