ಗುಂಡಯ್ಯನವರ ಹೋಟೆಲಿನ ಚೀನೀ ಮಾಡು ಮತ್ತು ಕನ್ನಡಿ ಗೋಡೆಯ ಕುರಿತು ಒಂದು ಬಿನ್ನಹ

ಹಳ್ಳಿಮೈಸೂರು, ಮಾರ್ಚ್ 1999

ಹಾಸನದ ಪ್ರಖ್ಯಾತ ಕಟ್ಟಡ ವಿನ್ಯಾಸಕರೂ, ಹೊಳೆನರಸೀಪುರದ ನಡುಬೀದಿಗೆ ಚೀನಾ ದೇಶವನ್ನು ಇಳಿಸಿದ ಧೀರರೂ ಆದ ಮಾನ್ಯ ಶ್ರೀ ಧರಣೇಶ್ ಅವರೇ,

ಮೂವತ್ತು ವರ್ಷಗಳಿಂದ ಗಂಡು ಹೆಣ್ಣು ಕೂಡಿಸುವ ಕೆಲಸ ಮಾಡಿಕೊಂಡು ಬಂದಿರುವ ರಾಮಣ್ಣ ಎಂಬ ನಾನು ತಮಗೆ ಹತ್ತು ಜನರೆದುರು ಕೈಮುಗಿದು ಬರೆದುಕೊಳ್ಳುವುದೇನೆಂದರೆ, ನಾವು ಇಲ್ಲಿ ಕ್ಷೇಮ. ತಾವೂ ಕ್ಷೇಮವೆಂದು ಕೇಳಿದೆ, ತಾವು ಇಲ್ಲಿರದೆ ಅಲ್ಲಿರುವುದೇ ಅದಕ್ಕೆ ಕಾರಣ.

ಗುಂಡಯ್ಯನವರ ಹೋಟೆಲ್ ಮೊದಲು ಹೇಗಿತ್ತೆಂಬುದು ತಮಗೆ ನೆನಪಿರಲಾರದು. ಹೆಂಚಿನ ಮಾಡು, ಹೊಗೆ ಹಿಡಿದ ಗೋಡೆ, ಹಿಂದುಗಡೆ ಫ್ಯಾಮಿಲಿ ರೂಮೆಂಬ ಅರೆಗತ್ತಲೆಯ ಕೋಣೆ. ಆ ಪುಣ್ಯ ಕತ್ತಲೆಯಲ್ಲಿ ಮೆಳ್ಳೆಗಣ್ಣು ನೆಟ್ಟಗಾಗುತ್ತಿತ್ತು, ಉಬ್ಬುಹಲ್ಲು ಒಳಗೆ ಸರಿಯುತ್ತಿತ್ತು, ನಲವತ್ತರ ವರನಿಗೆ ಮೂವತ್ತು ತುಂಬುತ್ತಿರಲಿಲ್ಲ. ತಾವು ಅದನ್ನು ಕೆಡವಿ, ತುದಿ ಮೇಲಕ್ಕೆತ್ತಿದ ಕೆಂಪು ಮಾಡು ಹೊದಿಸಿ, ಹಾವೋ ಮೊಸಳೆಯೋ ತಿಳಿಯದ ಸಿಮೆಂಟಿನ ಪ್ರಾಣಿಯೊಂದನ್ನು ಅದರ ಮೇಲೆ ಮಲಗಿಸಿ, ಬಾಗಿಲನ್ನು ರಾಗಿಕಲ್ಲಿನಂತೆ ದುಂಡಗೆ ಕೊರೆದಿರಿ. ಚೀನಾ ಆಯಿತು, ಇನ್ನು ಮಾಡ್ರನ್ ಬೇಕಲ್ಲ ಎಂದು ಬೀದಿಯ ಕಡೆಯ ಗೋಡೆಗೆ ಪೂರಾ ಗಾಜು ಹಾಕಿಸಿದಿರಿ. ಹೊರಗೆ ನಿಂತವರಿಗೆ ಅದು ಬರೀ ಕನ್ನಡಿ, ಒಳಗೆ ಕುಳಿತವರಿಗೆ ಇಡೀ ಬೀದಿಯೇ ಸಿನಿಮಾ. ಎಂಥ ತಲೆ ಸ್ವಾಮಿ ತಮ್ಮದು!

ಹೋದ ತಿಂಗಳು ಹೈಸ್ಕೂಲ್ ಮೇಷ್ಟ್ರು ಮನು ಎಂಬ ಹುಡುಗನಿಗೆ ದಂಡಿಗನಹಳ್ಳಿಯ ಚಂದ್ರಯ್ಯನವರ ಮಗಳು ಅನುಶ್ರೀಯನ್ನು ತೋರಿಸಲು ನಾನು ಅಲ್ಲೇ ಏರ್ಪಾಡು ಮಾಡಿದ್ದೆ. ಹುಡುಗ ಬಂಗಾರ, ನೆತ್ತಿಯಲ್ಲಿ ಮಾತ್ರ ಕೂದಲಿಲ್ಲ. ಎಡಗಿವಿಯ ಕಡೆಯ ಕೂದಲನ್ನು ಉದ್ದ ಬಿಡಿಸಿ, ಎಣ್ಣೆ ಹಚ್ಚಿ, ಬಲಗಿವಿಯವರೆಗೆ ಸೇತುವೆ ಕಟ್ಟಿಸಿ, ಅವನನ್ನೂ ಅವನ ತಾಯಿ ಚಿಕ್ಕಲಕ್ಷ್ಮಮ್ಮನವರನ್ನೂ ಮೊದಲೇ ಒಳಗೆ ಕೂರಿಸಿದ್ದೆ. ಹೆಣ್ಣಿನ ಕಡೆಯವರು ಹೇಳಿದ ಹೊತ್ತಿಗೇ ಬಂದರು. ಆದರೆ ಹಳೆಯ ಹೋಟೆಲ್ ಕಾಣದೆ, ಮುಂದಿರುವುದು ಅದೇ ಎಂದು ತಿಳಿಯದೆ, ತಾವು ಹಾಕಿಸಿದ ಗಾಜಿನೆದುರು ನಿಂತುಬಿಟ್ಟರು. ಚಂದ್ರಯ್ಯನವರು ಮೀಸೆ ತೀಡಿಕೊಂಡರು. ಹುಡುಗಿ ಹಣೆಯ ಬೊಟ್ಟು ಸರಿಮಾಡಿಕೊಂಡು, ಹುಬ್ಬು ಹಾರಿಸಿ, ಕೆನ್ನೆ ಉಬ್ಬಿಸಿ, ಕಡೆಗೆ ತನಗೆ ತಾನೇ ನಾಲಗೆ ಚಾಚಿದಳು. ಅವಳಿಂದ ಒಂದೇ ಮೊಳ ಈಚೆ ಚಿಕ್ಕಲಕ್ಷ್ಮಮ್ಮನವರು ಕಾಫಿ ಕುಡಿಯುತ್ತಿದ್ದರು.

"ನೋಡು ರಾಮಣ್ಣ, ಅದ್ಯಾವ ಎಣ್ಣೋ ನನ್ನೇ ಅಣಕುಸ್ತಾ ಅದೆ!" ಎಂದರು. ಅದ್ಯಾವ ಹೆಣ್ಣೆಂದು ಬಲ್ಲ ನಾನು, ಯಾರೋ ದಾರಿಹೋಕರಮ್ಮ ಎಂದೆ. ಅಷ್ಟರಲ್ಲಿ ಹೂವಿನವಳನ್ನು ವಿಚಾರಿಸಿಕೊಂಡು ಆ ದಾರಿಹೋಕರು ತಾವು ಕೊರೆದ ದುಂಡು ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೇ ಬಂದರು.

ಚಿಕ್ಕಲಕ್ಷ್ಮಮ್ಮನವರು ಎದ್ದರು. "ಇದೇನಾ ನೀನು ಏಳಿದ ಎಣ್ಣು? ಏಳ್ಲಾ ಮನು, ಓಗಾನ."

ಹುಡುಗಿಗೆ ಗಾಜಿನ ಮರ್ಮ ಆಗ ಹೊಳೆಯಿತು. ಮುಖ ಕೆಂಪಾಯಿತು, ಆದರೂ ತಗ್ಗಲಿಲ್ಲ. "ಕೂತ್ಕಳಿ ಅತ್ತೆ. ಕನ್ನಡೀಲಿ ನನ್ ಮಕ ನಾನ್ ನೋಡ್ಕಂಡೆ, ಒಳ್ಗೆ ಕೂತು ಕದ್ದು ನೋಡ್ದೋರು ನೀವು. ಈಗ ಅವ್ರೂ ಒಸಿ ಆಚೆ ನಿಂತ್ಕಳ್ಲಿ, ನಾನೂ ನೋಡ್ತೀನಿ" ಎಂದಳು.

ನಾನು ಅಂಗಿ ಹಿಡಿದು ಜಗ್ಗಿದರೂ ಮನು ಎದ್ದು ಹೋದ. ಗಾಜಿನೆದುರು ನಿಲ್ಲುವುದಕ್ಕೂ ಅರಕಲಗೂಡಿನ ಬಸ್ಸೊಂದು ಹಿಂದೆ ಭರ್ರೆಂದು ಹಾಯುವುದಕ್ಕೂ ಸರಿಯಾಯಿತು. ನನ್ನ ಸೇತುವೆ ಎದ್ದು ಬಾವುಟವಾಯಿತು. ಅವನು ಎರಡು ಸಲ ಅದುಮಿ ನೋಡಿದ. ಆಮೇಲೆ ಕೈಬಿಟ್ಟು, ಅವಳು ಕೂತಿರಬಹುದಾದ ಕಡೆಗೆ ತಿರುಗಿ, ತಲೆ ಬಗ್ಗಿಸಿ ನೆತ್ತಿಯನ್ನು ಪೂರ್ತಿ ತೋರಿಸಿದ.

ಅನುಶ್ರೀ ನಕ್ಕಳು. ಅವಳ ನಗೆ ನೋಡಿ ಚಿಕ್ಕಲಕ್ಷ್ಮಮ್ಮನವರಿಗೂ ತಡೆಯಲಾಗಲಿಲ್ಲ. "ಮುಚ್ಚುಮರೆ ಇಲ್ದೋರು ಕಣಪ್ಪ. ನಂಗೊಪ್ಗೆ" ಎಂದು ಹುಡುಗಿ ತನ್ನ ತಂದೆಗೆ ಹೇಳಿದಳು. ಗೋಬಿ ಮಂಚೂರಿ ಬಂತು, ಮಾತು ಮುಗಿಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಈಗ ಸುತ್ತಿನ ಊರಿನವರೆಲ್ಲ, ಫೋಟೋ ಬೇಡ ರಾಮಣ್ಣ, ಗಾಜಿನ ಮುಂದೆ ನಿಲ್ಲಿಸಿ ತೋರಿಸು ಎನ್ನುತ್ತಿದ್ದಾರೆ. ಆದ್ದರಿಂದ ಮಹಾಶಯರು ದಯಮಾಡಿ ಆ ಗಾಜನ್ನು ಎರಡೂ ಕಡೆಯಿಂದ ಕುರುಡು ಮಾಡಿಕೊಡಬೇಕು. ಆಗದಿದ್ದರೆ ನಾನು ಹೆಣ್ಣು ತೋರಿಸುವ ಹೊತ್ತಿನಲ್ಲಾದರೂ ಹೊಳೆನರಸೀಪುರದ ಬೀದಿಯಲ್ಲಿ ಸೂರ್ಯ ಮುಳುಗಿರುವಂತೆ ನೋಡಿಕೊಳ್ಳಬೇಕು. ಚೀನಾದವರನ್ನು ಇಲ್ಲಿಗೆ ಕರೆತಂದ ತಮಗೆ ಅದೇನು ದೊಡ್ಡದಲ್ಲ.

ಕಸುಬು ಹೋದರೂ ಗೌರವ ಬಿಡದ
ತಮ್ಮ ವಿಶ್ವಾಸಿ,
ರಾಮಣ್ಣ

ಮರೆತ ಮಾತು: ತಮಗೊಂದು ಹೆಣ್ಣು ನೋಡಬೇಕೆಂದು ತಮ್ಮ ತಾಯಿಯವರು ಮೊನ್ನೆ ನನಗೆ ಹೇಳಿಕಳಿಸಿದ್ದರು. ಚನ್ನರಾಯಪಟ್ಟಣದ ಕಡೆ ಒಳ್ಳೆಯ ಮನೆತನವೊಂದು ಒಪ್ಪುವ ಹಾಗಿದೆ. ತಮ್ಮ ವಯಸ್ಸು, ಸಂಬಳ, ಸಿಗರೇಟು ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳಿದ್ದೇನೆ. ಗುಂಡಯ್ಯನವರ ಹೋಟೆಲ್ ಕಟ್ಟಿಸಿದವರು ತಾವೆಂಬುದೊಂದನ್ನು ಮಾತ್ರ ಮುಚ್ಚಿಟ್ಟಿದ್ದೇನೆ.