ಒಬ್ಬರಿಗೆ ಸಾಕಾಗುವ ದೋಣಿ

"ಸರಿ, ಇನ್ನು ಒಬ್ಬನೇ ಹೋಗ್ತೀನಿ! ಒಬ್ಬನೇ ನಡೆಸೋ ಹಾಯಿದೋಣಿ ತಗೋತೀನಿ. ಎಷ್ಟೋ ಜನ ಒಬ್ಬೊಬ್ಬರೇ ಸಮುದ್ರ ದಾಟಿದಾರೆ. ನನಗೆ ಈ ಸರೋವರ ಯಾವ ಲೆಕ್ಕ?"

ಈ ಐತಿಹಾಸಿಕ ಘೋಷಣೆ ಹೊರಬಿದ್ದಾಗ ತೂಕದ ಸಾಹೇಬರ ಎರಡೂ ಕಿವಿಗಳಿಂದ ನೀರು ಇಳಿಯುತ್ತಿತ್ತು. ಅವರು ಅಳತೆ ಮತ್ತು ತೂಕದ ಇಲಾಖೆಯ ಇನ್ಸ್‌ಪೆಕ್ಟರು. ಊರಿನ ಒಂದೊಂದು ತಕ್ಕಡಿಗೂ ಮುದ್ರೆ ಒತ್ತುವವರಾದ್ದರಿಂದ ಅಂಗಡಿಯವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಘೋಷಣೆಯನ್ನು ಕೇಳಿಸಿಕೊಂಡವರು ಅವರ ಹೆಂಡತಿ, ಹಲ್ಲಿನ ಡಾಕ್ಟರಮ್ಮ. ಅವರೂ ಅಷ್ಟೇ ಒದ್ದೆಯಾಗಿದ್ದರು. ಐದು ನಿಮಿಷದ ಹಿಂದೆ ಇಬ್ಬರ ದೋಣಿ ಮಗುಚಿತ್ತು.

"ಎಡಕ್ಕೆ ಬಾ ಅಂದ್ರಿ, ಬಂದೆ. ಬಲಕ್ಕೆ ಹೋಗು ಅಂದ್ರಿ, ಹೋದೆ. ಆಮೇಲೆ 'ಅಲ್ಲಾಡ್ಬೇಡ' ಅಂದ್ರಿ. ಅಷ್ಟರಲ್ಲಿ ದೋಣೀನೇ ಅಲ್ಲಾಡಿಬಿಡ್ತು," ಎಂದು ಅದಕ್ಕೂ ಮೊದಲು ಡಾಕ್ಟರಮ್ಮ ಹೇಳಿದ್ದರು. "ಇವತ್ತು ನಲವತ್ತು ನಿಮಿಷಕ್ಕೆ ಅರವತ್ತೆರಡು ಅಪ್ಪಣೆ. ಎಣಿಸಿದೀನಿ. ಇನ್ನು ನಿಮ್ಮ ಜೊತೆ ದೋಣಿ ಹತ್ತಲ್ಲ ರೀ."

ಈ ಮಾತನ್ನು ಅವರು ಸಿಟ್ಟಿನಿಂದ ಹೇಳಿದ್ದರೆ ಸಾಹೇಬರು ಉತ್ತರ ಕೊಡುತ್ತಿದ್ದರು. ಕೂದಲು ಹಿಂಡಿಕೊಳ್ಳುತ್ತ, ಶಾಂತವಾಗಿ ಹೇಳಿದ್ದರಿಂದ ಘೋಷಣೆ ಮಾಡುವುದೊಂದೇ ಅವರಿಗೆ ಉಳಿಯಿತು. ವಾರದ ಆರು ದಿನ ಅವರಿಗೆ ತಕ್ಕಡಿ, ಇವರಿಗೆ ದವಡೆ. ಭಾನುವಾರ ಬೆಳಗಿನ ಎರಡು ಗಂಟೆ ಮಾತ್ರ ಇಬ್ಬರಿಗೂ ಸೇರಿದ್ದು. ಹನ್ನೊಂದು ವರ್ಷದಿಂದ ಡಾಕ್ಟರಮ್ಮ ಮುಂದೆ ಕುಳಿತು ಚಿಕ್ಕ ಹಾಯಿಯ ಹಗ್ಗ ಹಿಡಿಯುತ್ತಿದ್ದರು, ಸಾಹೇಬರು ಹಿಂದೆ ಕುಳಿತು ಚುಕ್ಕಾಣಿ ಮತ್ತು ಗಂಟಲು ಎರಡನ್ನೂ ನಡೆಸುತ್ತಿದ್ದರು. ಆ ಎರಡು ಗಂಟೆ ಈಗ ಕೈಬಿಟ್ಟು ಹೋಯಿತು ಎಂಬುದು ಸಾಹೇಬರಿಗೆ ಗೊತ್ತಾಗಲಿಲ್ಲವೆಂದಲ್ಲ. ಆದರೆ ಅದನ್ನು ಬರೆಯಲು ಅವರ ಬಳಿ ಕಾಲಂ ಇರಲಿಲ್ಲ.

ಉಳಿದದ್ದಕ್ಕೆಲ್ಲ ಇತ್ತು! ಸೋಮವಾರ ಸಂಜೆಯೇ ಊಟದ ಮೇಜಿನ ಮೇಲೆ ಉದ್ದನೆಯ ಕಾಗದ ಬಿಚ್ಚಿಕೊಂಡಿತು. ಒಂದರಿಂದ ಏಳರವರೆಗೆ ದೋಣಿಗಳು, ಅಡ್ಡಕ್ಕೆ ಎಂಟು ಗುಣಗಳು. ಒಬ್ಬರೇ ನೀರಿಗೆಳೆಯುವಷ್ಟು ಹಗುರವೇ? ಹಾಯಿಕಂಬ ಎರಡು ತುಂಡಾಗಿ ಬಿಚ್ಚುತ್ತದೆಯೇ? ಗಾಳಿ ಜೋರಾದರೆ ಹಾಯಿಯನ್ನು ಕಂಬಕ್ಕೆ ಸುತ್ತಿ ಚಿಕ್ಕದು ಮಾಡಬಹುದೇ? ಒಳಗೆ ಬಂದ ನೀರು ತಾನಾಗಿ ಹೊರಹೋಗುತ್ತದೆಯೇ? ಮಗುಚಿದರೆ ಒಬ್ಬರೇ ನೆಟ್ಟಗೆ ಮಾಡಿ ಮತ್ತೆ ಹತ್ತಲು ಸಾಧ್ಯವೇ? ಎಲ್ಲಕ್ಕೂ ಅಂಕ, ಅಂಕಕ್ಕೊಂದು ಗುಣಕ, ಗುಣಕಕ್ಕೊಂದು ಸಮರ್ಥನೆ. ಬುಧವಾರ ನಾಲ್ಕನೆಯ ನಂಬರಿನ ದೋಣಿ ಅರ್ಧ ಅಂಕದಿಂದ ಗೆದ್ದಿತು. ನಡೆಸುವವರ ತೂಕ ಐವತ್ತೈದರಿಂದ ಎಪ್ಪತ್ತೆರಡು ಕಿಲೋ ಇರಬೇಕು ಎಂದಿತ್ತು. ಸಾಹೇಬರು ತಮ್ಮ ತೂಕ ಅರವತ್ತೆಂಟು ಎಂದು ಬರೆದು, ಎದುರಿಗೆ ಟಿಕ್ ಹಾಕಿದರು.

"ನನ್ನನ್ನ ಮದುವೆ ಆಗೋವಾಗ ಇಷ್ಟೊಂದು ಕಾಲಂ ಹಾಕಿದ್ರಾ?" ಡಾಕ್ಟರಮ್ಮ ಕಾಗದದ ಅಂಚನ್ನು ಸರಿಸಿ ತಟ್ಟೆ ಇಟ್ಟುಕೊಂಡರು.

"ಆಗ ನನಗೆ ಅನುಭವ ಇರ್ಲಿಲ್ಲ."

"ಅದಕ್ಕೇ ಒಳ್ಳೇದು ಸಿಕ್ತು."

ಗುರುವಾರ ಪ್ರಯೋಗ. ಒಂಟಿ ನಾವಿಕ ದೋಣಿಯ ಅಂಚಿನ ಮೇಲೆ ಕುಳಿತು, ಒಳಗಿನ ಪಟ್ಟಿಗೆ ಕಾಲು ಸಿಕ್ಕಿಸಿ, ಬೆನ್ನನ್ನು ನೀರಿನ ಮೇಲೆ ಚಾಚಬೇಕು. ಗಾಳಿ ದೋಣಿಯನ್ನು ಆ ಕಡೆ ಕೆಡವಲು ನೋಡಿದರೆ ಇವನ ಭಾರ ಈ ಕಡೆ ಎಳೆದು ಹಿಡಿಯುತ್ತದೆ. ಹೊಟ್ಟೆಯ ಸ್ನಾಯು ಎಷ್ಟು ನಿಮಿಷ ತಡೆಯುತ್ತದೆಂದು ತಿಳಿಯಲು ಸಾಹೇಬರು ನಡುಮನೆಯ ಸೋಫಾದ ಕೈಮೇಲೆ ಕುಳಿತರು. ಕಾಲಿಗೆ ಬೆಲ್ಟಿನ ಪಟ್ಟಿ. ಆರಡಿ ಉದ್ದದ, ನಲವತ್ತಾರು ಕಿಲೋದ ಸೋಫಾ, ಅದರ ತುದಿಯಲ್ಲಿ ಅರವತ್ತೆಂಟು ಕಿಲೋದ ಮನುಷ್ಯ: ಮಗುಚುವ ಸಾಧ್ಯತೆ ಇಲ್ಲವೆಂದು ಮೊದಲೇ ಲೆಕ್ಕ ಹಾಕಿ, ಎರಡು ಸಲ ತಾಳೆ ನೋಡಿ, ನಿಧಾನವಾಗಿ ಹಿಂದಕ್ಕೆ ವಾಲಿದರು.

ಸೋಫಾ ಲೆಕ್ಕವನ್ನು ಓದಿರಲಿಲ್ಲ. ಅದು ಗಂಭೀರವಾಗಿ ಎದ್ದು ನಿಂತು, ಸಾಹೇಬರ ಮೇಲೆ ಮಲಗಿತು. ಅವರ ತಲೆ ತಾಗಿದ ಕಪಾಟಿನಿಂದ ಡಾಕ್ಟರಮ್ಮನ ರೋಗಿಗಳ ಪ್ಲಾಸ್ಟರ್ ದವಡೆಗಳು, ಒಟ್ಟು ಒಂಬತ್ತು, ಒಂದರ ಹಿಂದೊಂದು ಧುಮುಕಿದವು. ನೆಲದ ತುಂಬ ಹಲ್ಲು!

ಡಾಕ್ಟರಮ್ಮ ಓಡಿ ಬಂದು ಬಾಗಿಲಲ್ಲಿ ನಿಂತರು. "ಪೆಟ್ಟಾಯ್ತೇನ್ರೀ?"

"ಇಲ್ಲ," ಎಂದಿತು ಸೋಫಾದ ಕೆಳಗಿನ ಧ್ವನಿ.

"ಹಾಗಾದ್ರೆ ಕೈ ಆಡಿಸ್ಬೇಡಿ. ನಿಮ್ಮ ಮೊಣಕೈ ಹತ್ರ ಇರೋದು ಬ್ಯಾಂಕ್ ಮ್ಯಾನೇಜರ ಕೋರೆಹಲ್ಲು."

ಇಬ್ಬರೂ ಮಂಡಿಯೂರಿ ಹಲ್ಲು ಹೆಕ್ಕಿದರು. "ಲೆಕ್ಕ ತಪ್ಪಿರಬಹುದಾ?" ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

"ಲೆಕ್ಕ ತಪ್ಪಲ್ಲ ಕಣೇ. ಸೋಫಾ ತಪ್ಪಿರಬೇಕು."

ಶುಕ್ರವಾರ ಕಚೇರಿಯ ತೂಗುತಕ್ಕಡಿ ಮನೆಗೆ ಬಂತು. ಸೋಫಾವನ್ನು ತೂಗಿ ನೋಡಿದರು: ನಲವತ್ತಾರು, ಒಂದು ಗ್ರಾಂ ಸುಳ್ಳಿಲ್ಲ. ನೆಲ ಇಳಿಜಾರೇ ಎಂದು ಮಟ್ಟಗೋಲು ಇಟ್ಟರು. ನೆಲ ನಿರಪರಾಧಿ. ಬೆಲ್ಟು ಹಿಗ್ಗಿತ್ತೇ ಎಂದು ಅಳೆದರು. ಬೆಲ್ಟೂ ನಿರಪರಾಧಿ. ಮನೆಯಲ್ಲಿ ತೂಗದೆ ಉಳಿದದ್ದು ಒಂದೇ ವಸ್ತು, ಅದು ಪೆನ್ನು ಹಿಡಿದು 'ಅಳತೆಗೆ ಸಿಗದ ಬಾಹ್ಯ ಕಾರಣ' ಎಂದು ಬರೆಯುತ್ತ ಕುಳಿತಿತ್ತು.

ಭಾನುವಾರ ಬೆಳಿಗ್ಗೆ ಸರೋವರದ ದಂಡೆಯ ದೋಣಿ ಕಾರ್ಖಾನೆ. ಬೇಡವೆಂದರೂ ಡಾಕ್ಟರಮ್ಮ ಬಂದಿದ್ದರು. "ಹತ್ತಲ್ಲ ಅಂದೆ, ನೋಡಲ್ಲ ಅಂದಿಲ್ಲ." ನಾಲ್ಕನೆಯ ನಂಬರು ಬಿಳಿ ಹಾಯಿ ಏರಿಸಿಕೊಂಡು ನೀರಿನಲ್ಲಿ ತೂಗುತ್ತಿತ್ತು. ಸಾಹೇಬರು ಬಟನ್ ಹಾಕಲು ಕಷ್ಟಪಟ್ಟ ಜಾಕೆಟ್ಟಿನಲ್ಲಿ, ಅಧಿಕಾರಿಯ ಗತ್ತಿನಿಂದ ಹತ್ತಿ ಕುಳಿತರು.

ದೋಣಿಯ ಹಿಂಭಾಗ ಕುಸಿಯಿತು, ಮೂತಿ ಆಕಾಶ ನೋಡಿತು. ನೀರು ತಾನಾಗಿ ಹೊರಹೋಗಬೇಕಾದ ಕಿಂಡಿಯಿಂದ ನೀರು ತಾನಾಗಿ ಒಳಬಂತು. ಸಾಹೇಬರು ಸೊಂಟದವರೆಗೆ ಮುಳುಗಿ, ಘನತೆಯಿಂದ ಚುಕ್ಕಾಣಿ ಹಿಡಿದೇ ಕುಳಿತಿದ್ದರು.

ದೋಣಿ ಕಟ್ಟುವ ಮೇಸ್ತ್ರಿ ಹಗ್ಗ ಎಳೆದು ದಡಕ್ಕೆ ತಂದ. "ಸಾರ್, ತಮ್ಮ ತೂಕ?"

"ಅರವತ್ತೆಂಟು."

"ಯಾವಾಗಿನದು?"

ಸಾಹೇಬರು ಯೋಚಿಸಿದರು. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. "ಕೆಲಸಕ್ಕೆ ಸೇರುವಾಗ ವೈದ್ಯರು ಬರೆದಿದ್ದು. ಹತ್ತೊಂಬತ್ತು ವರ್ಷ ಆಯ್ತು."

"ತಕ್ಕಡೀನ ವರ್ಷಕ್ಕೊಂದು ಸಲ ಪರೀಕ್ಷೆ ಮಾಡಿಸ್ಬೇಕು ಅಂತ ತಾವೇ ಹೇಳ್ತೀರಲ್ಲ ಸಾರ್?" ಮೇಸ್ತ್ರಿ ವಿನಯವಾಗಿ ಹಲಗೆ ತೂಗುವ ಯಂತ್ರವನ್ನು ಎಳೆದು ತಂದ. ಮುಳ್ಳು ತೊಂಬತ್ತೊಂದರ ಹತ್ತಿರ ನಿಂತಿತು. ಯಂತ್ರವನ್ನೇ ದೂರೋಣವೆಂದು ಸಾಹೇಬರು ಬಗ್ಗಿದರು. ಅದರ ಮೇಲೆ ಈ ವರ್ಷದ ಮುದ್ರೆಯಿತ್ತು, ಕೆಳಗೆ ಅವರದೇ ಸಹಿ!

ಯಾರೂ ನಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಮೇಸ್ತ್ರಿ ಡಾಕ್ಟರಮ್ಮನತ್ತ ತಿರುಗಿದ. "ಮೇಡಂ, ತಾವು?"

"ಅರವತ್ತೊಂದು. ಹೋದ ತಿಂಗಳು ನೋಡಿಕೊಂಡಿದ್ದು." ಹೇಳುತ್ತ ಚಪ್ಪಲಿ ಬಿಟ್ಟರು.

"ನಿನಗೆ ಚುಕ್ಕಾಣಿ ಹಿಡಿದು ಗೊತ್ತಿಲ್ಲ ಮಾರಾಯ್ತಿ!"

"ಹಿಡಿದವರನ್ನ ಹನ್ನೊಂದು ವರ್ಷ ನೋಡಿದೀನಿ. ಏನು ಮಾಡ್ಬಾರ್ದು ಅಂತ ಚೆನ್ನಾಗಿ ಗೊತ್ತು."

ನೀರು ಬಸಿದ ದೋಣಿ ಅವರನ್ನು ಹೊತ್ತು ಹಗುರವಾಗಿ ಜಾರಿತು. ನೂರು ಮೀಟರು ಹೋಗಿರಬಹುದು, ಗಾಳಿ ಬೀಸಿ ಹಾಯಿ ವಾಲಿತು. ಸಾಹೇಬರು ನೀರಿನ ಅಂಚಿಗೆ ಓಡಿದರು. "ಹಗ್ಗ ಸಡಿಲಿಸು! ಹಿಂದಕ್ಕೆ ವಾಲು! ಬೇಡ, ವಾಲ್ಬೇಡ!"

"ಅವರಿಗೆ ಕೇಳಿಸಲ್ಲ ಸಾರ್," ಎಂದ ಮೇಸ್ತ್ರಿ.

ದೂರದಲ್ಲಿ ಪುಟ್ಟ ಆಕೃತಿಯೊಂದು ಬೆನ್ನನ್ನು ನೀರಿನ ಮೇಲೆ ಚಾಚಿತು. ಹಾಯಿ ಮೆಲ್ಲಗೆ ನೆಟ್ಟಗಾಯಿತು. ಸಾಹೇಬರು ಬಾಯಿ ಮುಚ್ಚಿಕೊಂಡು, ಒದ್ದೆ ಪ್ಯಾಂಟಿನಲ್ಲೇ ಮರಳ ಮೇಲೆ ಕುಳಿತರು. ಹಾಯಿ ಆಚೆ ದಡ ಮುಟ್ಟಿ ತಿರುಗುವವರೆಗೆ ಅವರು ಕಣ್ಣು ಕೀಳಲಿಲ್ಲ.

ಅರ್ಧ ಗಂಟೆಯ ಬಳಿಕ ಡಾಕ್ಟರಮ್ಮ ದಡಕ್ಕೆ ಬಂದರು. ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು. ಗೆದ್ದ ಜಂಬವೇನೂ ಇರಲಿಲ್ಲ. ಗಂಡನ ಪಕ್ಕದಲ್ಲಿ ಬಂದು ಕುಳಿತರು.

"ಹನ್ನೊಂದು ವರ್ಷದಲ್ಲಿ ಇವತ್ತೇ ಮೊದಲು ರೀ," ಎಂದರು, "ನೀರಿನ ಮೇಲೆ ಗಾಳಿ ಸದ್ದು ಕೇಳಿಸಿದ್ದು."

ಸಾಹೇಬರು, ತೀರ ಸಣ್ಣ ಧ್ವನಿಯಲ್ಲಿ, ಕೇಳಿದರು:

"ಹೇಗಿರುತ್ತೆ ಅದು?"